ದೀಪದ ಕಡೆಗೆ ಬೀಸುತ್ತಿದ್ದ ಫ್ಯಾನು

ಜೀವ ಹೋದ ಜಾಗದಲ್ಲಿ ಹಚ್ಚಿಟ್ಟ ದೀಪ ತಿಥಿಯವರೆಗೆ ಆರಬಾರದು, ಅದನ್ನು ಅಲ್ಲಿಂದ ಕದಲಿಸಲೂಬಾರದು. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಅತ್ತೆ ತೀರಿಕೊಂಡಾಗ ಅವರ ತಲೆಯಿದ್ದ ಕಡೆ ಗಿಡ್ಡ ಸ್ಟೂಲಿನ ಮೇಲೆ ಭತ್ತ ಹರಡಿ ಹರಳೆಣ್ಣೆಯ ದೀಪ ಇಟ್ಟೆವು. ಪಕ್ಕದಲ್ಲಿ ಒಂದು ಚೊಂಬು ನೀರು. ಆ ಜಾಗ ನನ್ನ ಕಂಪ್ಯೂಟರಿನ ಬೆನ್ನ ಹಿಂದೆಯೇ ಇತ್ತು.

ಮದ್ದೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಮದುವೆ ಪತ್ರಿಕೆ ಟೈಪು ಮಾಡುತ್ತೇನೆ, ಫೋಟೊ ಜೋಡಿಸಿ ವಿಡಿಯೊ ಮಾಡಿಕೊಡುತ್ತೇನೆ. ಕೋಣೆಯ ನಡುವೆ ಅಡ್ಡಲಾಗಿ ಕೂರಿಸಿದ ಕಡಪ ಕಲ್ಲಿನ ಮೇಲೆ ಪರದೆ ಮತ್ತು ಕೀಬೋರ್ಡು, ಕೆಳಗೆ ನೆಲದ ಮೇಲೆ ಕಂಪ್ಯೂಟರಿನ ಪೆಟ್ಟಿಗೆ. ಕಾಯಿಲೆ ಬಿದ್ದ ಮೇಲೆ ಅತ್ತೆಯ ಮಂಚವನ್ನು ಕಲ್ಲಿನ ಆಚೆ ಬದಿಗೆ ಹಾಕಿದ್ದೆವು. ನಾನು ಈಚೆ ಕೂತು ಟೈಪು ಮಾಡುತ್ತಿದ್ದರೆ ಆಚೆಯಿಂದ ಅವರ ಉಸಿರು ಕೇಳುತ್ತಿತ್ತು.

ಮೊದಲ ದಿನ, ಶ್ರದ್ಧಾಂಜಲಿಯ ಬ್ಯಾನರು ಮಾಡಲು ನಾನು ಕಂಪ್ಯೂಟರಿಗೆ ಕೂತಿದ್ದಾಗ, ದೀಪ ಎರಡು ಸಲ ಆರಿತು. ಕಿಟಕಿ ಮುಚ್ಚಿತ್ತು. ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾರನೆಯ ದಿನದಿಂದ ದೀಪ ಅಲುಗದೆ ಉರಿಯಿತು. ಅತ್ತೆಗೆ ಸಮಾಧಾನವಾಗಿದೆ ಎಂದರು. ನಾನೂ ಹಾಗೇ ಅಂದುಕೊಂಡೆ.

ತಿಥಿಯ ದಿನ ಶಾಮಿಯಾನದಲ್ಲಿ ಟಿವಿ ಇಟ್ಟು ತೋರಿಸಲು ಅತ್ತೆಯ ಫೋಟೊಗಳ ವಿಡಿಯೊ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅದರಲ್ಲಿ ಒಂದು ಫೋಟೊ ನನ್ನ ನಾದಿನಿಯದು, ಅತ್ತೆಯ ಒಬ್ಬಳೇ ಮಗಳದು. ಹೊಸ್ತಿಲ ಮೇಲೆ ಕೂತು ಅತ್ತೆ ಅವಳ ತಲೆ ಬಾಚುತ್ತಿದ್ದಾರೆ, ಇಬ್ಬರೂ ನಗುತ್ತಿದ್ದಾರೆ. ಆಮೇಲೆ ಅವಳು ತಾನು ಒಪ್ಪಿದವನನ್ನು ಮದುವೆಯಾಗಿ ಕಿರುಗಾವಲಿಗೆ ಹೋದಳು. ಅತ್ತೆ ಮತ್ತೆ ಅವಳ ಹೆಸರೆತ್ತಲಿಲ್ಲ. ಮಣ್ಣಿನ ದಿನ ಬಂದವಳು ಗೇಟಿನ ಹತ್ತಿರವೇ ನಿಂತಳು. ತಾಯಿಯನ್ನು ಅವಳ ಪಕ್ಕದಲ್ಲೇ ಹೊತ್ತುಕೊಂಡು ಹೋದರು.

ಐದನೆಯ ದಿನ ಫೋನು ಮಾಡಿದಳು. "ಅತ್ಗೆ, ವಿಡಿಯೊ ಮಾಡ್ತಿದ್ದೀಯಂತೆ. ನನ್ ಫೋಟೊ ಅದಾ?"

"ಅದೆ ಕಣಮ್ಮ. ತಲೆ ಬಾಚ್ತಿರೋದು."

"ಅಂಗಾರೆ ತಿತಿಗೆ ಒಳಿಕ್ ಬತ್ತೀನಿ. ಇಲ್ದಿದ್ರೆ ಬ್ಯಾಡ, ಗೇಟ್ ತಾವೇ ಕೈ ಮುಗ್ದು ಓಯ್ತೀನಿ."

ಅದೇ ಮಧ್ಯಾಹ್ನ ಊಟದ ಪಾತ್ರೆ ಎತ್ತಿಟ್ಟು ಬಂದು ರೆಂಡರ್‌ಗೆ ಹಾಕಿದೆ. ಜೋಡಿಸಿದ ಫೋಟೊಗಳನ್ನೆಲ್ಲ ಕಂಪ್ಯೂಟರು ಒಂದೇ ವಿಡಿಯೊ ಮಾಡುವ ಕೆಲಸ ಅದು. ಅದಕ್ಕೆ ಹೆಚ್ಚು ಶ್ರಮ ಬೀಳುವುದು ಆಗಲೇ. ಪರದೆಯ ಮೇಲೆ ಒಂದೊಂದೇ ಫೋಟೊ ಸರಿಯುತ್ತಿತ್ತು. ಹೊಸ್ತಿಲ ಫೋಟೊ ಬಂತು. ಟಕ್ ಎಂದು ಎಲ್ಲ ಕಪ್ಪಾಯಿತು. ಕರೆಂಟು ಇತ್ತು, ತಲೆಯ ಮೇಲಿನ ಫ್ಯಾನು ತಿರುಗುತ್ತಲೇ ಇತ್ತು.

ಮಾರನೆಯ ದಿನ ಬೆಳಿಗ್ಗೆ ಮತ್ತೆ ಹಾಕಿದೆ. ಅದೇ ಫೋಟೊ, ಅದೇ ಟಕ್. ಮೂರನೆಯ ಸಲ ಹಾಕಿದಾಗ, ಮಳವಳ್ಳಿಯಿಂದ ಬಂದಿದ್ದ ನನ್ನ ಓರಗಿತ್ತಿ, ಮೈದುನನ ಹೆಂಡತಿ, ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಪರದೆ ಆರಿದಾಗ ಅವಳ ಕೈ ನಿಂತಿತು.

"ಅತ್ತೆ ಒಪ್ತಿಲ್ಲ ಕಣಕ್ಕ. ಇದ್ದಾಗ್ಲೇ ಮೊಕ ನೋಡ್ಲಿಲ್ಲ, ಈಗ್ ನೋಡ್ತಾರಾ? ತೆಗ್ದಾಕ್ಬುಡು."

"ಮಿಷಿನ್ ಕಣಮ್ಮ ಅದು."

"ಮಿಸಿನ್ನೇ, ಇಲ್ಲ ಅಂದೋರ್ಯಾರು? ಮೂರು ಸತೀನೂ ಅಲ್ಲೇ ಯಾಕ್ ನಿಂತ್ಕತದೆ ಏಳು."

ಓರಗಿತ್ತಿ ಸುಮ್ಮನಿರದೆ ಸಂಜೆ ನಾದಿನಿಗೂ ಫೋನಿನಲ್ಲಿ ಹೇಳಿಬಿಟ್ಟಳು. ಅವಳು ಕೇಳಿಸಿಕೊಂಡು ಫೋನು ಇಟ್ಟುಬಿಟ್ಟಳಂತೆ.

ಇನ್ನೊಂದು ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಷ್ಟು ದಿನವೂ ಕೆಲಸಕ್ಕೆ ಕೂತಾಗೆಲ್ಲ ಕಲ್ಲಿನ ಕೆಳಗಿನಿಂದ ನನ್ನ ಮೊಣಕಾಲಿಗೆ ಬೆಚ್ಚನೆಯ ಉಸಿರು ತಾಗುತ್ತಿತ್ತು. ಅದರಲ್ಲಿ ಸುಟ್ಟ ಬತ್ತಿಯ ವಾಸನೆ, ಸಾಂಬ್ರಾಣಿ, ಅತ್ತೆ ಕಾಲಿಗೆ ಹಚ್ಚಿಕೊಳ್ಳುತ್ತಿದ್ದ ಹರಳೆಣ್ಣೆಯ ವಾಸನೆ. ಯಾರೋ ಅಲ್ಲಿ ಮುದುಡಿ ಕೂತಿದ್ದಾರೆ ಅನ್ನಿಸುತ್ತಿತ್ತು. ನಾನು ಕಾಲು ಹಿಂದಕ್ಕೆಳೆದುಕೊಂಡು ಟೈಪು ಮಾಡುತ್ತಿದ್ದೆ.

ಎಂಟನೆಯ ದಿನ ಹೊಸ್ತಿಲ ಫೋಟೊವನ್ನು ವಿಡಿಯೊದಿಂದ ತೆಗೆದುಹಾಕಿದೆ. ತೆಗೆದವಳು ನಾನೇ. ಅದನ್ನು ಇನ್ನೊಬ್ಬರ ಮೇಲೆ ಹಾಕುವುದಿಲ್ಲ. ರೆಂಡರ್‌ಗೆ ಹಾಕಿದೆ. ಆ ಜಾಗಕ್ಕೆ ಮುಂದಿನ ಫೋಟೊ ಬಂತು, ಅತ್ತೆ ಒಬ್ಬರೇ ಬಾವಿಕಟ್ಟೆಯ ಹತ್ತಿರ ನಿಂತದ್ದು. ಟಕ್.

ಓರಗಿತ್ತಿ ಬಾಗಿಲಲ್ಲೇ ನಿಂತು ನೋಡಿದಳು. "ಅವ್ರನ್ನ ಅವ್ರೇ ಬ್ಯಾಡ ಅಂದ್ರಾ?" ಎಂದು ತನಗೆ ತಾನೇ ಹೇಳಿಕೊಂಡು ಅಡುಗೆಮನೆಗೆ ಹೋದಳು.

ಆಗ ನಾನು ನೆಲದ ಮೇಲೆ ಕೂತೆ. ಪೆಟ್ಟಿಗೆ ಮುಟ್ಟಿದರೆ ಇಡ್ಲಿ ಪಾತ್ರೆಯ ಹಾಗೆ ಸುಡುತ್ತಿತ್ತು. ಪ್ರತಿ ಆಯುಧಪೂಜೆಗೆ ಅದನ್ನು ಒರೆಸುವವಳು ನಾನೇ, ಧೂಳು ಕೂರುವುದು ಮುಂದಿನ ಜಾಲರಿಯ ಮೇಲೆ ಎಂದು ಗೊತ್ತು. ಗಾಳಿ ಒಳಗೆ ಹೋಗುವುದು ಅಲ್ಲಿಂದ, ಬಿಸಿಯಾಗಿ ಹೊರಡುವುದು ಹಿಂದಿನ ಫ್ಯಾನಿನಿಂದ. ಈಗ ಮುಂದಿನ ಜಾಲರಿ ತೊಳೆದಿಟ್ಟ ಹಾಗಿತ್ತು, ಹಿಂದಿನ ಫ್ಯಾನಿನ ರೆಕ್ಕೆಗೆ ಕಾಡಿಗೆಯಂಥ ಮಸಿ. ತಣ್ಣಗಾದ ಮೇಲೆ ಮತ್ತೆ ಆನ್ ಮಾಡಿ, ದೀಪದ ಪಕ್ಕದ ಊದುಬತ್ತಿಯನ್ನು ಆ ಫ್ಯಾನಿನ ಹತ್ತಿರ ಹಿಡಿದೆ. ಹೊಗೆ ದೂರ ಹೋಗಲಿಲ್ಲ, ಎಳೆಯಾಗಿ ಒಳಗೆ ನುಗ್ಗಿತು. ಸ್ವಲ್ಪ ಹೊತ್ತಿಗೆ ಮುಂದಿನ ಜಾಲರಿಯಿಂದ, ನನ್ನ ಮೊಣಕಾಲಿರುತ್ತಿದ್ದ ಕಡೆಗೆ, ನಿಧಾನಕ್ಕೆ ಹೊರಬಂತು.

ಆಫ್ ಮಾಡಿ ಮಗ್ಗುಲಿನ ತಗಡು ಬಿಚ್ಚಿದೆ. ಫ್ಯಾನಿನ ಒಂದು ಮುಖ ಬಯಲಾಗಿರುತ್ತದೆ, ಇನ್ನೊಂದು ಮುಖಕ್ಕೆ ಅಡ್ಡ ಕಡ್ಡಿಗಳಿರುತ್ತವೆ. ಗಾಳಿ ಬಯಲು ಮುಖದಿಂದ ಹೊಕ್ಕು ಕಡ್ಡಿಯ ಕಡೆಯಿಂದ ಹೊರಡುತ್ತದೆ. ಇಲ್ಲಿ ಕಡ್ಡಿಗಳು ಒಳಮುಖವಾಗಿದ್ದವು. ಪ್ರೊಸೆಸರಿನ ಮೇಲಿನ ಫ್ಯಾನು ಬಿಸಿಯನ್ನು ಹಿಂದಕ್ಕೆ ನೂಕಿದರೆ ಇದು ಮುಂದಕ್ಕೆ ನೂಕುತ್ತಿತ್ತು. ಎರಡರ ನಡುವೆ ಬಿಸಿ ಅಲ್ಲೇ ಸುತ್ತಿ, ರೆಂಡರ್ ಶುರುವಾಗಿ ಸುಮಾರು ಅಷ್ಟೇ ಹೊತ್ತಿಗೆ ಕಂಪ್ಯೂಟರು ತನ್ನನ್ನು ಉಳಿಸಿಕೊಳ್ಳಲು ತಾನೇ ಆರಿಹೋಗುತ್ತಿತ್ತು. ಪ್ರತಿ ಸಲವೂ ತಣ್ಣಗಿದ್ದಾಗಲೇ ಹಾಕುತ್ತಿದ್ದೆನಲ್ಲ, ಅದಕ್ಕೇ ಪ್ರತಿ ಸಲವೂ ಅದೇ ಜಾಗ.

"ನಾನೇ ಕಣವ್ವ ತಿರುಗ್ಸಿದ್ದು."

ಮಾವ ಯಾವಾಗ ಬಂದು ಹಿಂದೆ ನಿಂತಿದ್ದರೋ. ಅವರು ಮಂಡ್ಯದಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುತ್ತಿದ್ದವರು, ಸ್ಕ್ರೂಡ್ರೈವರ್ ಇನ್ನೂ ದಿಂಬಿನ ಕೆಳಗೇ ಇರುತ್ತದೆ.

"ದೀಪ ಎಲ್ಡು ಸತಿ ಆರೋಯ್ತು. ಅವ್ಳು ಎಲ್ಲೋ ಕತ್ಲೇಲಿ ದಾರಿ ಕಾಣ್ದೆ ನಿಂತವ್ಳೆ ಅನ್ನುಸ್ತು. ಇದ್ರ ಗಾಳಿ ಸೀದಾ ದೀಪಕ್ಕೇ ಒಡೀತಿತ್ತು. ನಾಕು ಸ್ಕ್ರೂ, ತಿರುಗ್ಸಾಕ್ದೆ. ಗಾಳಿ ಆಡಿದ್ರಾಯ್ತು, ಯಾವ್ ಕಡಿಂದ ಆಡಿದ್ರೇನು ಅಂದ್ಕಂಡೆ."

"ಪಂಪು ಉಲ್ಟಾ ತಿರುಗಿದ್ರೆ ನೀರ್ ಬತ್ತದಾ ಮಾವ?"

ಅವರು ನೆಲ ನೋಡಿದರು. "ಬರಕಿಲ್ಲ."

ವೈರು ಗಿಡ್ಡ, ಪೆಟ್ಟಿಗೆಯನ್ನು ಸರಿಸುವಂತಿಲ್ಲ. ಫ್ಯಾನು ಮೊದಲಿನಂತೆ ಮಾಡಿದರೆ ದೀಪ ಆರುತ್ತದೆ. ಹೀಗೇ ಬಿಟ್ಟರೆ ವಿಡಿಯೊ ಇಲ್ಲ, ಫೋಟೊ ಇಲ್ಲ, ಗೇಟಿನಿಂದ ಒಳಕ್ಕೆ ಒಬ್ಬಳು ಬರುವುದಿಲ್ಲ. ಅದನ್ನು ಅವರಿಗೆ ಹೇಳಿದೆ. ಮಾವ ನನ್ನ ಕೈಯಿಂದ ಫ್ಯಾನು ಇಸಿದುಕೊಂಡು ಪಂಚೆಯ ಅಂಚಿನಲ್ಲಿ ಮಸಿ ಒರೆಸಿದರು, ತಿರುಗಿಸಿ ನಾಲ್ಕೂ ಸ್ಕ್ರೂ ಬಿಗಿದರು. ಆಮೇಲೆ ಪೆಟ್ಟಿಗೆಗೂ ದೀಪಕ್ಕೂ ನಡುವೆ, ಫ್ಯಾನಿಗೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ ಕೂತರು.

"ಆಕವ್ವ. ಫೋಟೊ ವಾಪಸ್ ಸೇರ್ಸಿ ಆಕು."

ಸೇರಿಸಿ ಹಾಕಿದೆ. ಬಿಸಿಗಾಳಿಗೆ ಅವರ ಬನಿಯನ್ ಅಲುಗುತ್ತಿತ್ತು. ದೀಪ ಆರಲಿಲ್ಲ. ಆದರೆ ಅದರ ಕುಡಿ ಗಾಳಿ ಹೋಗುವ ಕಡೆಗೆ ಬಾಗದೆ, ಗಾಳಿಗೆ ಎದುರಾಗಿ, ಮಾವನ ಎದೆಯ ಕಡೆಗೆ ಬಾಗಿ ನಿಂತಿತ್ತು. ಅಡ್ಡ ಇದ್ದ ಮೈಯನ್ನು ಬಳಸಿಕೊಂಡು ಬಂದ ಗಾಳಿ ಹಿಂದಕ್ಕೆ ಸುಳಿದು ಹಾಗಾಗುತ್ತದೆಂದು ಈಗ ಹೇಳಬಲ್ಲೆ. ಆಗ ನನ್ನ ತೋಳಿನ ಕೂದಲು ನಿಮಿರಿತು. ಮಾವ ಅದನ್ನೇ ನೋಡುತ್ತ ಕೂತಿದ್ದರು.

"ಬಂತಾ?" ಎಂದರು, ತಿರುಗದೆ.

"ಬಂತು ಮಾವ."

"ನಿಂತ್ಕತಾ?"

ಹೊಸ್ತಿಲು ಸರಿಯಿತು, ಬಾವಿಕಟ್ಟೆ ಬಂತು, ಅದೂ ಸರಿಯಿತು. "ಇಲ್ಲ. ದಾಟ್ತು."

ವಿಡಿಯೊ ಪೂರ್ತಿಯಾಗುವವರೆಗೂ ಅವರು ಏಳಲಿಲ್ಲ. ನಾನು ಕಂಪ್ಯೂಟರು ಆರಿಸಿ ನಾದಿನಿಗೆ ಫೋನು ಹಚ್ಚಿದೆ. ಅವಳು ಕೇಳಿದ್ದು ಒಂದೇ. "ಅವ್ವ ಒಪ್ಕಂತಾ ಅತ್ಗೆ?"

ನಾನು ಮಾವನ ಕಡೆ ನೋಡಿದೆ. ಮಾವ ಕೂತಲ್ಲಿಂದಲೇ ಕೈ ಚಾಚಿ ಫೋನು ಇಸಿದುಕೊಂಡರು. ಮಗಳ ಜೊತೆ ಅವರು ಮಾತಾಡಿ ಎಷ್ಟು ವರ್ಷವಾಗಿತ್ತೋ.

"ಫ್ಯಾನ್ ಉಲ್ಟಾ ಆಕಿದ್ದು ನಾನು ಕಣವ್ವ," ಎಂದರು. "ನಿಮ್ಮವ್ವ ಏನೂ ಮಾಡ್ನಿಲ್ಲ. ಬಾ."