ತಳಮೀನ ಎಂಬ ಹೆಸರು

ನನ್ನ ಮೊಮ್ಮಗಳು ನೀಲಾ ನಾಲ್ಕನೇ ಇಯತ್ತೆ ಓದುತ್ತಾಳೆ. ಈ ಮಾತನ್ನು ಬೆಳಗಾವಿಯ ಮೀನು ಮಾರುಕಟ್ಟೆಯಲ್ಲಿ ಬಾಂಗಡೆ ಕೊಂಡವರಿಗೂ ಹೇಳಿದ್ದೇನೆ, ಬೆಲೆ ಕೇಳಿ ಮೂಗು ಮುರಿದು ಹೋದವರಿಗೂ ಬೆನ್ನ ಹಿಂದಿನಿಂದ ಕೂಗಿ ಹೇಳಿದ್ದೇನೆ. ನಾನು ಎರಡನೇ ಇಯತ್ತೆಗೇ ಬುಟ್ಟಿ ಹೊತ್ತವಳು. ನನ್ನ ಒತ್ತಕ್ಷರಗಳು ಯಾವಾಗಲೂ ತಪ್ಪಿದ ಕಡೆಗೇ ಹೋಗಿ ಕೂಡುತ್ತವೆ. ಈಗ ಅವನ್ನು ನೀಲಾ ತಿದ್ದುತ್ತಾಳೆ. ಅಷ್ಟು ಸಂತೋಷ ನನಗೆ. ಆದರೆ ಅವಳನ್ನು ಸಾಲಿಗೆ ಹಾಕಿದ ದಿನವನ್ನು ನೆನೆದರೆ ಇವತ್ತಿಗೂ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಅದಕ್ಕೆ ಕಾರಣ ಒಂದು ಮೀನು.

ಒಂದು ಮೀನೂ ಅಲ್ಲ, ಒಂದು ಶಬ್ದ: ತಳಮೀನ. ಪುಸ್ತಕದಲ್ಲಿ ಇದಕ್ಕೆ ಏನು ಅರ್ಥ ಬರೆದಿದ್ದಾರೋ ನನಗೆ ತಿಳಿಯದು. ನಮ್ಮ ಬುಟ್ಟಿಯ ಅರ್ಥ ಹೇಳುತ್ತೇನೆ. ನೀರಿನ ಮೇಲ್ಭಾಗದಲ್ಲಿ ಗುಂಪುಗುಂಪಾಗಿ ಮಿಂಚುತ್ತ ಓಡಾಡುವುದು ಮೇಲ್ಮೀನ. ಕೆಳಗೆ ಕೆಸರಿಗೆ ಹೊಟ್ಟೆ ತಾಗಿಸಿಕೊಂಡು ಸುಮ್ಮನೆ ಇರುವುದು ತಳಮೀನ. ಖಾನಾಪುರದ ಮಲಪ್ರಭೆಯಲ್ಲಿ ಸಿಗುವ, ಮೀಸೆ ಇರುವ ಮುರಗೋಡ ಎಂಬ ಮೀನು ತಳಮೀನ. ಲೋಂಡಾ ಕಡೆಯ ರೈಲಿನಲ್ಲಿ ಕಲ್ಲಿದ್ದಲ ಹೊಗೆ ಕುಡಿದುಕೊಂಡು ಬರುವ ಸಮುದ್ರದ ಲೇಪಾ ಕೂಡ ತಳಮೀನ. ನಾಲಿಗೆಯ ಹಾಗೆ ಚಪ್ಪಟೆ, ಎರಡು ಕಣ್ಣೂ ಒಂದೇ ಮಗ್ಗುಲಿಗೆ. ಕೆಳಗೆ ಮಲಗಿಕೊಂಡೇ ಮೇಲಿನದನ್ನೆಲ್ಲ ನೋಡುವ ಜಾಣ ಮೀನದು. ಆದರೂ ಗಿರಾಕಿಗಳಿಗೆ ಹೊಳೆಯುವುದೇ ಬೇಕು. ತಳಮೀನ ಎಂದರೆ "ರಾಡಿ ತಿನ್ನೂದು" ಎಂದು ಕೈ ಕೊಡವುತ್ತಾರೆ. ಹಾಗಾಗಿ ಮಾರುಕಟ್ಟೆಯಲ್ಲಿ ನಮ್ಮ ಸಾಲಿನ ಹೆಂಗಸರ ಬಾಯಲ್ಲಿ ಅದು ಬೈಗುಳವೂ ಆಯಿತು. ಮಾತಾಡದವರು, ಮೂಲೆ ಬಿಟ್ಟು ಬಾರದವರು, ಕರೆದರೆ ತಡವಾಗಿ ತಿರುಗುವವರು ಎಲ್ಲರೂ ತಳಮೀನ.

ನನ್ನ ಮಗ ಮಾರುತಿ ಇಲ್ಲಿ ಫೌಂಡ್ರಿಯಲ್ಲಿ ಕೆಲಸಕ್ಕೆ ಸೇರಿದ ವರ್ಷವೇ ಅವನಿಗೆ ಖಾನಾಪುರದ ಕಡೆಯ ಹೆಣ್ಣು ತಂದೆವು. ಅವಳ ತವರಿನಲ್ಲಿ ಮರಾಠಿ ಮಾತು. ಕನ್ನಡ ಕೇಳಿದರೆ ಅಷ್ಟಿಷ್ಟು ತಿಳಿಯುತ್ತಿತ್ತು, ಆಡಲು ಬಾರದು. ನಾನು "ಒಲಿ ಹಚ್ಚು" ಎಂದರೆ ಒಂದು ಗಳಿಗೆ ನನ್ನ ಬಾಯಿ ನೋಡಿ, ಆಮೇಲೆ ಎದ್ದು ಹೋಗುತ್ತಿದ್ದಳು. ಅತ್ತೆಯಾದ ಹೊಸ ಹುರುಪು ನನಗೆ. "ಬಂತ್ ನೋಡ್ರಿ ನಮ್ಮ ತಳಮೀನ," ಎಂದು ಬಾಜು ಮನೆಯವರ ಮುಂದೆ ನಕ್ಕೆ. ಅವರೂ ನಕ್ಕರು. ನಕ್ಕ ಮಾತು ನಾಲಿಗೆಗೆ ಅಂಟಿಕೊಂಡಿತು. ತಳಮೀನ, ನೀರ ತಾ. ತಳಮೀನ, ಬಾಗಲಾ ಹಾಕು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಮರಾಠಿ ನನಗೆ ಬರುತ್ತಿರಲಿಲ್ಲವೇ? ಹೊತ್ತು ಹುಟ್ಟಿದಾಗಿನಿಂದ ಮಾರುಕಟ್ಟೆಯಲ್ಲಿ ಗಿರಾಕಿಗಳ ಜೊತೆ ಮರಾಠಿಯಲ್ಲೇ ಹಲ್ಲು ಕಿಸಿದು, "ಬಾಈ", "ತಾಈ" ಎಂದು ಬೆಣ್ಣೆ ಹಚ್ಚುತ್ತಿದ್ದೆ. ಮನೆಯ ಹೊಸ್ತಿಲು ದಾಟಿದ ಕೂಡಲೇ ನನ್ನ ಮರಾಠಿ ಮರೆತುಹೋಗುತ್ತಿತ್ತು. ಎರಡು ಬಾಂಗಡೆ ಕೊಳ್ಳುವವರ ಜೊತೆ ಆಡಿದ ಮರಾಠಿಯನ್ನು ಸೊಸೆಯ ಜೊತೆ ಆಡಲಿಲ್ಲ.

ಅವಳೋ, ಮೊದಲ ದಿನಗಳಲ್ಲಿ ಆ ಹೆಸರಿಗೆ ನಗುತ್ತ ಬರುತ್ತಿದ್ದಳು. ಅದಕ್ಕೂ ಕಾರಣವಿತ್ತು, ನನಗೆ ತಿಳಿದದ್ದು ಬಹಳ ತಡವಾಗಿ. ಮದುವೆಯಾಗಿ ಬಂದವಳಿಗೆ ಗಂಡನ ಮನೆಯಲ್ಲಿ ಹೊಸ ಹೆಸರಿಡುವುದು ಅವರ ಕಡೆಯ ಪದ್ಧತಿ. ಇದೇ ಆ ಹೆಸರು ಎಂದುಕೊಂಡಿದ್ದಳಂತೆ! ಅರ್ಥ ತಿಳಿದ ಮೇಲೆ ನಗು ನಿಂತಿತು, ಬರುವುದು ಮಾತ್ರ ನಿಲ್ಲಲಿಲ್ಲ.

ಹೀಗೆ ಏಳು ವರ್ಷ. ನೀಲಾಳನ್ನು ಸಾಲಿಗೆ ಹಾಕಲು ನಾನೇ ಹೋದೆ. ಪೆಟ್ಟಿಗೆಯ ತಳದಿಂದ ಇಳಕಲ್ಲ ಸೀರೆ ತೆಗೆದು ಉಟ್ಟಿದ್ದೆ. ಮೈಯಿಂದ ಮೀನಿನ ವಾಸನೆ ಹೋಗಲೆಂದು ಎರಡು ಸಲ ಸೀಗೆಕಾಯಿ ತಿಕ್ಕಿಕೊಂಡಿದ್ದೆ. ಕಲಿಸುವ ಅಕ್ಕೋರು ವಯಸ್ಸು ತಿಳಿಯಲು ಹುಡುಗಿಯ ಬಲಗೈಯನ್ನು ತಲೆಯ ಮೇಲಿಂದ ಎಡಗಿವಿಗೆ ಮುಟ್ಟಿಸಿ ನೋಡಿದರು. ಮುಟ್ಟಿತು. ನನಗೆ ಗಗನವೇ ಕೈಗೆ ಸಿಕ್ಕಂತಾಯಿತು. ಆಮೇಲೆ ಕೇಳಿದರು.

"ಅಪ್ಪನ ಹೆಸರ ಏನವ್ವಾ?"

"ಮಾರುತಿ."

"ಅವ್ವನ ಹೆಸರ?"

"ತಳಮೀನ," ಎಂದಳು ನೀಲಾ, ಗಂಟೆ ಹೊಡೆದ ಹಾಗೆ.

ಅಕ್ಕೋರು ನನ್ನ ಕಡೆ ತಿರುಗಿದರು. "ಏನಂದ್ಳ್ರಿ ಆಯಿ? ಮೀನಾ ಅಂತೇನ?"

ಅಲ್ಲ ಎನ್ನಬೇಕಿತ್ತು. ಹಾಗೆಂದಿದ್ದರೆ ಮಗು ಹೇಳಿದ್ದೇನು ಎಂದು ಬಿಡಿಸಿ ಹೇಳಬೇಕಾಗುತ್ತಿತ್ತು. "ಹೌದ್ರಿ," ಎಂದೆ.

"ಛಲೋ ಹೆಸರ ಐತಿ," ಎಂದು ಬರೆದುಕೊಂಡರು.

ದಾರಿಯಲ್ಲಿ ಬಾಯಿ ಸಿಹಿ ಮಾಡಲು ಕುಂದಾ ಕೊಂಡೆ. ಮನೆಗೆ ಬಂದವಳೇ ನೀಲಾ ಅವ್ವನ ಕೊರಳಿಗೆ ಜೋತುಬಿದ್ದಳು. "ಯವ್ವಾ, ನಿನ್ನ ಹೆಸರ ಬುಕ್ಕಿನ್ಯಾಗ ಬರದ್ರ! ಬರೇ ಮೀನಾ ಅಂತ ಬರದ್ರ. ಅಕ್ಕೋರಿಗೆ 'ತಳ' ಕೇಳಸಲಿಲ್ಲ."

ಸೊಸೆ ನನ್ನನ್ನು ನೋಡಿದಳು. ಸಿಟ್ಟು ಮಾಡಿದ್ದರೆ ನಾನೂ ತಿರುಗಿ ಸಿಟ್ಟು ಮಾಡಿ ಪಾರಾಗುತ್ತಿದ್ದೆ. ಅವಳು ಮಗಳ ಕೈಗೆ ಕುಂದಾ ಕೊಟ್ಟು, ನನ್ನ ಮುಂದೆಯೂ ಒಂದು ತುಂಡು ಇಟ್ಟಳು. ಬೆಳಗಾವಿಯ ಕುಂದಾವನ್ನು ತಿನ್ನದೆ ನೀಲಾಳ ಕೈಗೆ ದಾಟಿಸಿದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

ಸಂಜೆ ಅವಳು ಅಕ್ಕಿ ಆರಿಸುತ್ತಿದ್ದಾಗ ಹೋಗಿ ಎದುರಿಗೆ ಕುಳಿತೆ. ಏಳು ವರ್ಷದಲ್ಲಿ ಮೊದಲ ಸಲ ಮರಾಠಿಯಲ್ಲಿ ಮಾತು ತೆಗೆದೆ. ತಪ್ಪಾಯಿತು ಎಂದು ಹೇಳಲು ಬಾರದೆ ತಳಮೀನಿನ ಗುಣಗಾನಕ್ಕೆ ಇಳಿದೆ. ಬೇಸಿಗೆಯಲ್ಲಿ ಮಲಪ್ರಭೆ ಬತ್ತಿ ಗುಂಡಿಗಳಷ್ಟೇ ಉಳಿದಾಗ ಹೊಳೆಯುವ ಮೀನೆಲ್ಲ ಬಾಯಿ ಬಿಟ್ಟು ಸಾಯುತ್ತವೆ, ಮುರಗೋಡ ಮಾತ್ರ ಕೆಸರಿನೊಳಗೆ ಜೀವ ಹಿಡಿದುಕೊಂಡಿರುತ್ತದೆ. ಮುಳ್ಳು ಕಡಿಮೆ, ರುಚಿ ಹೆಚ್ಚು, ಬಾಣಂತಿಗೂ ಒಳ್ಳೆಯದು. ಒಟ್ಟಿನಲ್ಲಿ, ಮೀನು ಮಾರುವ ಹಾಗೆ ಮಾತಾಡಿದೆ.

ಅವಳು ಮೊರ ಕೆಳಗಿಟ್ಟಳು. ಉತ್ತರ ಬಂದದ್ದು ಕನ್ನಡದಲ್ಲಿ, ನನ್ನ ಕನ್ನಡಕ್ಕಿಂತ ಚೊಕ್ಕವಾಗಿ.

"ಅತ್ತೀ, ಮೀನಿನ ಮಾತ ಸಾಕ್ ಮಾಡ್ರಿ. ನನಗ ಹೆಸರ ಐತಿ."

ಅಷ್ಟೇ. ಬೈದರೂ ಮೀನು, ಹೊಗಳಿದರೂ ಮೀನೇ ಎಂಬುದು ನನ್ನ ಮಂಡೆಗೆ ಆಗ ಹೊಳೆಯಿತು.

ಮರುದಿನ ಬುಟ್ಟಿ ಬಿಟ್ಟು ಮತ್ತೆ ಸಾಲಿಗೆ ಹೋಗಿ, ಹುಡುಗಿಯ ಅವ್ವನ ಹೆಸರು ಮೀನಾ ಅಲ್ಲ ಎಂದೆ. "ನಿನ್ನೆ ನೀವ ಹೌದಂದ್ರೆಲ್ರಿ ಆಯಿ?" ಎಂದರು ಅಕ್ಕೋರು. "ಸುಳ್ಳ ಹೇಳಿದ್ನಿರಿ," ಎಂದೆ. ಇಡೀ ತರಗತಿ ಕಿಸಕ್ಕೆಂದಿತು. ಸುಳ್ಳು ಹೇಳಬಾರದೆಂದು ಕಲಿಸುವ ಜಾಗದಲ್ಲಿ ಮುದುಕಿಯೊಬ್ಬಳು ನಿಂತು ಅದನ್ನು ಒಪ್ಪಿಕೊಂಡರೆ ನಗದೆ ಏನು ಮಾಡಿಯಾವು ಮಕ್ಕಳು! ಏನಾಗಿತ್ತೆಂದು ಎಲ್ಲ ಹೇಳಿದೆ. ಅಕ್ಕೋರು ಮೀನಾ ಎಂಬುದನ್ನು ಹೊಡೆದು ಹಾಕಿ, ಪೆನ್ನು ಹಿಡಿದು ಕಾದರು.

"ಶೇವಂತಾ," ಎಂದೆ.

ಮುಂದಿನ ಸಾಲಿನಿಂದ ನೀಲಾ ಕತ್ತು ಚಾಚಿದಳು. "ಆಯಿ, ಅದ್ಯಾರ ಹೆಸರ?"

ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಆಮೇಲೆ ಕರೆದೆ: "ಶೇವಂತಾ."

"ಯಾರ ಬಂದಾರ್ರಿ ಅತ್ತಿ? ಯಾರನ್ನ ಕರ್ಯಾಕತ್ತೀರಿ?"

"ನಿನ್ನ."

ರೊಟ್ಟಿಯ ಸಪ್ಪಳ ನಿಂತಿತು.

"ಕೇಳಸಲಿಲ್ರಿ," ಎಂದಳು ಒಳಗಿನಿಂದ. "ಇನ್ನೊಮ್ಮೆ ಕರೀರಿ."

ಕೇಳಿಸಿತ್ತು, ಅದು ನನಗೂ ಗೊತ್ತು. ಆದರೂ ಕರೆದೆ, ಈ ಸಲ ಬಾಜು ಮನೆಯವರಿಗೂ ಕೇಳುವ ಹಾಗೆ.