ಸಾರ್ ಮಗಳು

ನಾನು ಪಕ್ಷಪಾತ ಮಾಡದ ಮೇಷ್ಟ್ರು ಎಂದು ಬಹಳ ದಿನ ಬೀಗುತ್ತಿದ್ದೆ. ಆಂಧ್ರದ ಗಡಿಯಲ್ಲಿರುವ ಆದವಾನಿ ಹತ್ತಿರದ ಹಳ್ಳಿಯ ಸರಕಾರಿ ಕನ್ನಡ ಶಾಲೆಯಲ್ಲಿ ನನ್ನ ಮಗಳು ಶಾಂತಾ ನನ್ನ ಕೈಕೆಳಗೇ ಓದಿದ್ದರಿಂದ, ಈ ಗುಣವನ್ನು ತೋರಿಸಿಕೊಳ್ಳಲು ಅವಕಾಶ ಧಾರಾಳವಾಗಿತ್ತು. ಬೇರೆ ಮಕ್ಕಳು ತಪ್ಪಿದರೆ ತಿದ್ದುತ್ತಿದ್ದೆ. ಅವಳು ತಪ್ಪಿದರೆ ಬೈಯುತ್ತಿದ್ದೆ. ಶಾಲೆಯಲ್ಲಿ ಅಪ್ಪ ಅನ್ನಕೂಡದು, 'ಸಾರ್' ಅನ್ನಬೇಕು. ನಾಲಿಗೆಗೆ ಅದೇ ರೂಢಿಯಾಗಿ, ಮನೆಯಲ್ಲೂ ಒಮ್ಮೊಮ್ಮೆ "ಸಾರ್, ಊಟಕ್ಕ ಬರ್ರಿ" ಎಂದು ಕರೆದು ತಾಯಿಯನ್ನು ನಗಿಸುತ್ತಿದ್ದಳು.

ಕುರಿಗಾರರ ಊರಲ್ಲಿ ಬೆಳೆದವಳಿಗೆ ಪಶುವೈದ್ಯೆಯಾಗುವ ಆಸೆ. ದೂರದ ಕಾಲೇಜಿನಲ್ಲಿ ಸೀಟೂ ಸಿಕ್ಕಿತು. ಫೀಸು ಮಾತ್ರ ನನ್ನ ಕೈಗೆ ಎಟುಕುವಂತಿರಲಿಲ್ಲ. ಆಗ ನಮ್ಮ ಹೆಡ್‌ಮೇಡಂ ಒಂದು ಸುತ್ತೋಲೆ ತೋರಿಸಿದರು: ಸರಕಾರಿ ಶಾಲೆಯ ಶಿಕ್ಷಕರ ಮಕ್ಕಳು ಇಂಥ ಕೋರ್ಸು ಸೇರಿದರೆ ಬೋಧನಾ ಶುಲ್ಕಕ್ಕೆ ನೆರವು ಉಂಟು. ಇಷ್ಟು ವರ್ಷದ ಚಾಕರಿಯಲ್ಲಿ ನಾನು ಸುತ್ತೋಲೆಯೊಂದನ್ನು ಎರಡು ಸಲ ಓದಿದ್ದು ಅದೇ ಮೊದಲು.

ಅರ್ಜಿ ಕೊಡುವ ಕೊನೆಯ ದಿನ ಅಪ್ಪ-ಮಗಳು ಬಸ್ಸು ಹತ್ತಿ, ಎಮ್ಮಿಗನೂರು ದಾಟಿ, ಕರ್ನೂಲಿನ ಕಚೇರಿ ತಲುಪಿದೆವು. ಅಧಿಕಾರಿ ಹೆಂಗಸು ಕಾಗದ ತಿರುವಿ ಹುಬ್ಬು ಗಂಟಿಕ್ಕಿದರು. ತೆಲುಗರ ಪದ್ಧತಿಯಂತೆ ನನ್ನ ಹೆಸರಿನ ಮುಂದೆ ಮನೆತನದ 'ಕೆ'. ಮಗಳ ಹೆಸರಿನ ಮುಂದೆ ವೀರಭದ್ರಪ್ಪ ಎಂಬ ನನ್ನ ಹೆಸರಿನ 'ವಿ'. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹಾಗೆ ಬರೆದ ಪುಣ್ಯಾತ್ಮ ನಾನೇ.

"ಇನಿಷಿಯಲ್ ಬೇರೆ ಐತಿ ಕದಾ," ಎಂದು ತೆಲುಗು ಬೆರೆಸಿ ಹೇಳುತ್ತ ಶಾಂತಾಳ ಕಡೆ ತಿರುಗಿದರು. "ಇವ್ರು ನಿನಗೇನಾಗಬೇಕಮ್ಮಾ?"

ಭಯದಿಂದ ಕೈಕಟ್ಟಿ ನಿಂತಿದ್ದ ಹುಡುಗಿ ಹೇಳಿದಳು: "ನಮ್ಮ ಸಾರ್, ಮೇಡಂ."

ನಾನು ಗಾಬರಿಯಲ್ಲಿ ಬಾಯಿ ಹಾಕಿ, ಮನೆತನದ ಹೆಸರು, ತಂದೆಯ ಹೆಸರು, ಗಡಿಭಾಗದ ವಾಡಿಕೆ ಎಂದು ಪಾಠವನ್ನೇ ಶುರುಮಾಡಿದೆ. ಎದುರಿನ ಮುಖ ಇನ್ನಷ್ಟು ಬಿಗಿಯಿತು. ಶಾಂತಾ ನನ್ನ ತೋಳು ಹಿಡಿದು ಎಳೆದಳು.

"ಅಪ್ಪಾ, ನೀ ಒಂದೀಟು ಸುಮ್ನಿರು! ಸಾರ್ ಮಗಳಂತ ಇಷ್ಟು ವರ್ಷ ಎಲ್ಲಾರಿಗಿಂತ ಜಾಸ್ತಿ ಬೈಸ್ಕೊಂಡೀನಿ. ಈಗ ಸಾರ್ ಮಗಳಂತ ಒಂದು ಒಳ್ಳೇದು ಆಗೂ ಟೈಮಿಗೆ ನೀನ ಕೆಡಸ್ತಿ ನೋಡು!"

ಅಧಿಕಾರಿ ನಕ್ಕುಬಿಟ್ಟರು. "ಹಿಂಗ ಬೈತಾಳಂದ್ರ ಮಗಳೇ ಬಿಡ್ರಿ. ನಮ್ಮನ್ಯಾಗೂ ಒಬ್ಬಾಕಿ ಅದಾಳ." ನಕ್ಕರೂ ಕೆಲಸ ಬಿಡಲಿಲ್ಲ, ಆಧಾರ್ ಕಾರ್ಡಿನಲ್ಲಿ ತಂದೆಯ ಹೆಸರು ತಾಳೆ ನೋಡಿಯೇ ಮೊಹರು ಒತ್ತಿದರು.

ಹಿಂದಿರುಗುವಾಗ ಬಸ್ಸಿನಲ್ಲಿ ಅವಳು ಮಂಡಕ್ಕಿ ತಿನ್ನುತ್ತ ಕೂತಳು. ನಾನು ಕೊನೆಗೆ ಕೇಳಿಯೇಬಿಟ್ಟೆ.

"ಅಷ್ಟೊಂದು ಬೈತಿದ್ನೇನವ್ವಾ?"

"ಬೈತಿದ್ದಿ," ಎಂದಳು ಸಲೀಸಾಗಿ, ಪೊಟ್ಟಣ ನನ್ನ ಕಡೆ ಚಾಚುತ್ತ.

ಪಕ್ಷಪಾತ ಬೇಡವೆಂದು ಹೊರಟು ನಾನು ಮಾಡಿದ್ದೂ ಪಕ್ಷಪಾತವೇ, ಮಗಳ ವಿರುದ್ಧ. ತಪ್ಪೊಪ್ಪಿಕೊಂಡು ಅಭ್ಯಾಸವಿಲ್ಲದ ಮೇಷ್ಟ್ರ ನಾಲಿಗೆ "ತಪ್ಪಾತವ್ವಾ" ಎಂದಿತು. ಬಸ್ಸಿನ ಸದ್ದಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ. ಮಂಡಕ್ಕಿಯನ್ನು ಮಾತ್ರ ಪೂರ್ತಿ ನನಗೇ ಬಿಟ್ಟಳು.

ನೆರವು ಮಂಜೂರಾಯಿತು. ಅವಳೀಗ ಎರಡನೇ ವರ್ಷದಲ್ಲಿದ್ದಾಳೆ. ನನಗೂ ಬೇರೆ ಹಳ್ಳಿಗೆ ವರ್ಗವಾಗಿದೆ. ಹೋದ ಭಾನುವಾರ ಫೋನಿನಲ್ಲಿ ಕುರಿಯ ಹೊಟ್ಟೆಯೊಳಗಿನ ನಾಲ್ಕು ಕೋಣೆಗಳನ್ನು ವಿವರಿಸಿದಳು. ಮೇವು ಒಳಗೆ ಹೋಗಿ, ಮತ್ತೆ ಬಾಯಿಗೆ ಬಂದು, ಆಮೇಲೆ ಯಾವ ಕೋಣೆಗೆ ಇಳಿಯುತ್ತದೆಂಬುದು ನನ್ನ ತಲೆಗೆ ಹತ್ತಲು ಸುಮಾರು ಹೊತ್ತು ಹಿಡಿಯಿತು. ಮರುದಿನ ಅದನ್ನೇ ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ಹೇಳಿದೆ.

"ಇದು ಪುಸ್ತಕದಾಗ ಇಲ್ಲಲ್ರಿ ಸಾರ್. ಯಾರು ಹೇಳಿದ್ರು?" ಎಂದಿತು ಮುಂದಿನ ಸಾಲಿನ ಒಂದು ಮಗು.

"ನನ್ನ ಮಗಳು."

"ನಿಮಗ ಮಗಳದಾಳೇನ್ರಿ?"

ಸೀಮೆಸುಣ್ಣ ಕೆಳಗಿಟ್ಟು ಹೇಳಲು ಶುರುಮಾಡಿದೆ. ಅವತ್ತು ಗಂಟೆ ಬಾರಿಸುವವರೆಗೆ ಬೇರೆ ಪಾಠವೇ ನಡೆಯಲಿಲ್ಲ.