ಗಾಳಿಗೂ ಕೆಂಪಾಗದ ರಕ್ತ

೧೯೫೩ ಇರಬೇಕು, ಇಲ್ಲವೇ ಮರುವರ್ಷ. ಮುಂಬಯಿ ರಾಜ್ಯದ ಸರಕಾರಿ ವೈದ್ಯನಾಗಿ ನಾನು ಬನಹಟ್ಟಿಯ ದವಾಖಾನೆಯಲ್ಲಿದ್ದೆ. ವರ್ಷವೇ ಖಾತ್ರಿಯಿಲ್ಲದವನ ಉಳಿದ ಮಾತನ್ನು ಓದುಗರು ಎಚ್ಚರದಿಂದಲೇ ನಂಬಬೇಕು.

ಒಂದು ಮಧ್ಯಾಹ್ನ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಸಾವಕಾರರು ತಮ್ಮ ಕೆಲಸಗಾರ ಈರಪ್ಪನನ್ನು ಚಕ್ಕಡಿಯಲ್ಲಿ ತಂದರು. ತುಟಿ, ಉಗುರು ನೇರಳೆಯಾಗಿದ್ದವು. ಹೆಂಡತಿ ಗಂಗವ್ವ ಅವನು ಅರ್ಧ ಉಂಡಿಟ್ಟ ಬುತ್ತಿಗಂಟು ಹಿಡಿದೇ ಬಂದಿದ್ದಳು.

“ಇವಂದೂ ಎದಿ ಕಚ್ಚಾ ಐತ್ರಿ. ಹ್ವಾದಸಲ ಬರದಂಗ ಬರದುಬಿಡ್ರಿ,” ಎಂದು ಸಾವಕಾರರು ಜಗಲಿಗೆ ಹೋಗಿ ಕುಳಿತರು.

ಹಿಂದೆ ಅದೇ ಕಾರ್ಖಾನೆಯ ಮಲ್ಲಪ್ಪ ಹೀಗೇ ಸತ್ತಾಗ, ಇವರ ಮಾತು ಕೇಳಿ ಹೃದಯಾಘಾತವೆಂದು ಸಹಿ ಮಾಡಿದ್ದೆ. “ಓದಿದವ್ರು ಲಗೂ ತಿಳ್ಕೋತಾರ,” ಎಂದು ನಕ್ಕು ಹೋಗಿದ್ದರು. ಆ ನಗು ಒಳಗೆ ಕುದಿಯುತ್ತಲೇ ಇತ್ತು.

ಈರಪ್ಪನ ರಕ್ತ ತೆಗೆದೆ. ಚಾಕಲೇಟ್ ಬಣ್ಣ. ರಕ್ತದ ಹಿಮೊಗ್ಲೋಬಿನ್‌ನಲ್ಲಿರುವ ಕಬ್ಬಿಣ ಶ್ವಾಸಕೋಶದಲ್ಲಿ ಆಕ್ಸಿಜನ್ ಹಿಡಿದು ಅಂಗಾಂಗಗಳಿಗೆ ಬಿಡುತ್ತದೆ. ಮರಳುವ ರಕ್ತ ಅಲ್ಲಿಂದ ಕಾರ್ಬನ್ ಡೈಆಕ್ಸೈಡ್ ಹೊತ್ತು ತರುತ್ತದೆ. ಹಾಗೆ ಮರಳಿದ ಕಪ್ಪು ರಕ್ತವನ್ನು ಗಾಳಿಯಲ್ಲಿ ಅಲುಗಾಡಿಸಿದರೆ ಕೆಂಪಾಗಬೇಕು. ಇದು ಆಗಲಿಲ್ಲ. ಕಬ್ಬಿಣವೇ ಕೆಟ್ಟಿತ್ತು.

“ಏನು ತಿಂದಾನ?” ಎಂದು ಗಂಗವ್ವನನ್ನು ಕೇಳಿದೆ.

“ರೊಟ್ಟಿ, ಖಾರ. ಉಪ್ಪು ಮನಿಯಿಂದ ಒಯ್ಯೂದಿಲ್ರಿ. ಬಣ್ಣಕ್ಕ ಹಾಕೂದು ಅಲ್ಲೇ ಗಡಗ್ಯಾಗ ಇರತೈತಿ, ಅದನ್ನ ತಗೋತಾರ್ರಿ.”

ಬುತ್ತಿಯಲ್ಲಿ ಉಳಿದಿದ್ದ ಹರಳು ಉಪ್ಪಲ್ಲ, ಬಣ್ಣಕ್ಕೇ ಬಳಸುವ ಸೋಡಿಯಂ ನೈಟ್ರೈಟ್ ಎಂಬ ವಿಷ ಎಂದು ಅವಳಿಗಷ್ಟೇ ಹೇಳಿದೆ. ಅದಕ್ಕೆ ಮದ್ದು ಮಿಥಿಲೀನ್ ಬ್ಲೂ; ಅದೂ ಒಂದು ಬಣ್ಣವೇ. ಅದನ್ನು ನರಕ್ಕೆ ನಿಧಾನವಾಗಿ ಕೊಟ್ಟೆ. ಗಂಟೆಯೊಳಗೆ ಈರಪ್ಪನ ತುಟಿ ಕೆಂಪೇರಿತು, ನೀರು ಕೇಳಿದ.

ಆಮೇಲೆ ಸಾವಕಾರರನ್ನು ಒಳಗೆ ಕರೆದು ಬುತ್ತಿ ಮುಂದಿಟ್ಟೆ. “ನಿಮ್ಮ ಗಡಗೀದು. ಏನಿದು?”

“ಏನಿರತೈತಿ, ಉಪ್ಪು.”

“ಹಂಗಾದ್ರ ತಿಂದು ತೋರಸ್ರಿ.”

ಅವರು ಹೆದರಲೆಂದು, ಗಂಗವ್ವನ ಮುಂದೆ ಬೆವರಲೆಂದು ಹೇಳಿದ್ದೆ. ಅವರು ಹೆದರಲಿಲ್ಲ. “ಸರಕಾರಿ ಪಗಾರದಾಗ ಉಪ್ಪೂ ಹುಟ್ಟೂದಿಲ್ಲೇನ್ರಿ?” ಎನ್ನುತ್ತ ಉಳಿದದ್ದನ್ನೆಲ್ಲ ಬೆರಳಲ್ಲಿ ಬಳಿದು ಬಾಯಿಗೆ ಒಯ್ದರು. ಕಾರ್ಖಾನೆಯಲ್ಲಿ ಯಾರೋ ಅಲಕ್ಷ್ಯದಿಂದ ಉಪ್ಪಿನ ಗಡಿಗೆ, ನೈಟ್ರೈಟಿನ ಗಡಿಗೆ ಆಗಾಗ ಅದಲುಬದಲು ಮಾಡುತ್ತಿದ್ದರೆಂದು ಆಮೇಲೆ ತಿಳಿಯಿತು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ತಕ್ಷಣ ಅವರ ಕೈ ಹಿಡಿದೆ ಎಂದು ನಲವತ್ತು ವರ್ಷ ಹೇಳಿಕೊಂಡು ಬಂದಿದ್ದೇನೆ. ಆದರೆ ನನಗೆ ನೆನಪಾಗುವ ಕೈಯಲ್ಲಿ ಹಸಿರು ಬಳೆಗಳಿವೆ. “ತಿನಬ್ಯಾಡ್ರಿ, ಉಪ್ಪಲ್ರೀ ಅದು,” ಎಂಬ ದನಿಯೂ ಹೆಣ್ಣಿನದು.

ಅದು ವಿಷವೆಂದು ಅಲ್ಲಿ ಗೊತ್ತಿದ್ದವರು ಇಬ್ಬರೇ, ನಾನು ಮತ್ತು ಗಂಗವ್ವ. ಸೇಡಿಗೆ ಹೆಚ್ಚಿನ ಕಾರಣವಿದ್ದದ್ದು ಅವಳಿಗೆ. ಮಲ್ಲಪ್ಪನ ಸಾವಿನ ಕಾರಣ ತಿದ್ದಿ ಮೇಲಿನವರಿಗೆ ಬರೆದಾಗ ಮೊದಲ ತಪ್ಪು ನನ್ನದೆಂದು ಸೇರಿಸಿದೆ. ಎರಡನೆಯದನ್ನು ಈಗಷ್ಟೇ ಬರೆಯುತ್ತಿದ್ದೇನೆ: ಗೊತ್ತಿದ್ದೂ ನಾನು ಕೈಕಟ್ಟಿ ನೋಡಿದೆ. ವೈದ್ಯ ಹಾಗೆ ನೋಡಬಾರದು, ಎದುರಿಗಿರುವವನು ಯಾರೇ ಆಗಲಿ.